ತೋಳಿಗೊಂದು ಇಂಜೆಕ್ಷನ್

ಅಮ್ಮನಿಗೆ ಕೆಮ್ಮು ಶುರುವಾದದ್ದು ಹೋದ ವರ್ಷದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಅಮ್ಮ ಚಂದ್ರಾ ಲೇಔಟ್‌ನ ನಮ್ಮ ಮನೆ ಬಾಗಿಲಲ್ಲಿ ಕೂತು ಆರ್ಡರಿನ ಮಲ್ಲಿಗೆ ಕಟ್ಟುತ್ತಿದ್ದಳು. ಮೂರನೇ ದಿನ ಉಸಿರು ಸಿಗಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು ನ್ಯುಮೋನಿಯಾ ಎಂದರು. ಇದರ ವ್ಯಾಕ್ಸಿನ್ ಹಾಕಿಸಿದ್ದೀರಾ ಎಂದು ಕೇಳಿದರು.

ಹಾಕಿಸಿರಲಿಲ್ಲ.

ನಾನೇ ಬೇಡ ಎಂದಿದ್ದೆ.

ಜೂನ್‌ನಲ್ಲಿ ಫ್ಲೂ ಇಂಜೆಕ್ಷನ್ನಿಗೆಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಅರವತ್ತೆಂಟು ವಯಸ್ಸು, ಶುಗರ್ ಬೇರೆ ಇದೆ, ನ್ಯುಮೋನಿಯಾದ್ದೂ ಇವತ್ತೇ ಹಾಕಿಬಿಡೋಣ, ತೋಳಿಗೊಂದು ಎಂದರು ಸಿಸ್ಟರ್. ಅಮ್ಮ ರವಿಕೆಯ ಎರಡೂ ತೋಳು ಮೇಲೆ ಸರಿಸಿ ಕೂತೇಬಿಟ್ಟಿದ್ದಳು. ಎರಡು ಕೈಯೂ ನೋವಾದರೆ ಹೂ ಕಟ್ಟುವುದು ಹೇಗೆ, ಈ ವಯಸ್ಸಿಗೆ ಒಂದೇ ಸಲ ಎರಡನ್ನು ಮೈ ತಡೆಯುವುದಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಎಲ್ಲಿಯೂ ಓದಿದ ಮಾತಲ್ಲ. ಆದರೆ ನಮ್ಮ ಕಡೆ ಡಿಗ್ರಿ ಮಾಡಿದವಳು ನಾನೊಬ್ಬಳೇ. ಕರೆಂಟ್ ಬಿಲ್ಲಿನಿಂದ ಮಾತ್ರೆ ಚೀಟಿಯವರೆಗೆ ಓದಿ ಹೇಳುವವಳು ನಾನು. ನನ್ನ ಮಾತಿಗೆ ಮನೆಯಲ್ಲಿ ಎದುರು ಮಾತಿಲ್ಲ.

"ಅವ್ಳು ಓದಿರೋಳು ಸಿಸ್ಟರ್, ಅವ್ಳು ಹೇಳ್ದಂಗೆ ಮಾಡಿ," ಎಂದು ಅಮ್ಮ ಬಲಗಡೆಯ ತೋಳು ಇಳಿಸಿಕೊಂಡಳು. ಹೆಮ್ಮೆಯಿಂದಲೇ ಹೇಳಿದಳು.

ಮುಂದಿನ ತಿಂಗಳು ಬರುತ್ತೇವೆ ಎಂದೆ. ಮುಂದಿನ ತಿಂಗಳು ಹಬ್ಬದ ಆರ್ಡರು ಬಂತು.

ಐಸಿಯುನಲ್ಲಿ ಆರು ದಿನ. ಒಳಗೆ ಬಿಟ್ಟಾಗಲೆಲ್ಲ ನೋಡಿದ್ದೇನೆ, ಮಾಸ್ಕ್ ಹಾಕಿಕೊಂಡು ಮಲಗಿದ್ದರೂ ಅವಳ ಬೆರಳುಗಳು ಹೊದಿಕೆಯ ಅಂಚನ್ನು ಹೂ ಕಟ್ಟುವಂತೆ ಸುತ್ತುತ್ತಿದ್ದವು. ನನ್ನನ್ನು ಕಾಲೇಜಿಗೆ ಕಳಿಸಿದ್ದು ಆ ಬೆರಳುಗಳೇ. ಚಿಕ್ಕವಳಿದ್ದಾಗ ನಾನು ಹೂ ಮುಟ್ಟಿದರೆ ಗದರುತ್ತಿದ್ದಳು, ಇದನ್ನು ಕಲಿತರೆ ಇಲ್ಲೇ ಕೂತುಬಿಡುತ್ತೀಯ, ಹೋಗಿ ಓದಿಕೋ ಎಂದು.

ಅವತ್ತೇ ಹಾಕಿಸಿದ್ದರೆ ಇದು ಬರುತ್ತಿರಲಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ.

"ಹೇಳಕ್ಕಾಗಲ್ಲಮ್ಮ. ಇಷ್ಟು ಜೋರಾಗ್ತಿರ್ಲಿಲ್ಲ ಅನ್ಸುತ್ತೆ."

ಆ 'ಅನ್ಸುತ್ತೆ' ನನ್ನನ್ನು ಇನ್ನೂ ಬಿಟ್ಟಿಲ್ಲ.

ಅಮ್ಮ ಮನೆಗೆ ಬಂದಳು. ಮೆಟ್ಟಿಲು ಹತ್ತುವಾಗ ಈಗಲೂ ಅರ್ಧದಲ್ಲಿ ನಿಲ್ಲುತ್ತಾಳೆ. ಅವಳ ಹಿಂದೆ ನಾನೂ ನಿಲ್ಲುತ್ತೇನೆ.

ಹೋದ ವಾರ ಈ ವರ್ಷದ ಫ್ಲೂ ಇಂಜೆಕ್ಷನ್ನಿಗೆ ಅದೇ ಕ್ಲಿನಿಕ್ಕಿಗೆ ಹೋದೆವು. ನ್ಯುಮೋನಿಯಾದ್ದೂ ಹಾಕಲಾ ಎಂಬಂತೆ ಸಿಸ್ಟರ್ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಎರಡೂ ತೋಳು ಸರಿಸಿದ್ದಳು.

"ಇವಳನ್ನೇನ್ ಕೇಳ್ತೀರಾ? ತೋಳು ನಂದು. ಎರಡೂ ಹಾಕಿ."

ಮಾರನೆಯ ದಿನ ಎರಡು ಕೈಯೂ ನೋವು, ಮೈ ಸ್ವಲ್ಪ ಬಿಸಿ. ಅಷ್ಟೇ. ಅಷ್ಟಕ್ಕೆ ನಾನು ಹೆದರಿದ್ದೆ.

ದೇವಸ್ಥಾನಕ್ಕೆ ಎರಡು ಮೊಳ ಹೂ ಕೊಡಬೇಕಿತ್ತು. ಅಮ್ಮ ಬಾಳೆನಾರನ್ನು ನನ್ನ ಕೈಗಿಟ್ಟಳು, ಮೊದಲ ಸಲ. ಅರ್ಧ ಮೊಳ ಕಟ್ಟಿ ಎತ್ತಿದೆ. ಮೊಗ್ಗುಗಳು ಒಂದೊಂದೇ ಜಾರಿ ಬಿದ್ದವು.

"ಡಿಗ್ರಿ ಮಾಡಿದೀಯಲ್ಲೇ, ಗಂಟು ಬಿಗಿಯಾಗಿ ಎಳಿ," ಎಂದಳು. ಒಂದು ಉಸಿರು ಎಳೆದುಕೊಂಡು, "ಮೊದಲಿಂದ ಕಟ್ಟು."

ಬಿಚ್ಚಿ, ಮೊದಲಿಂದ ಕಟ್ಟಿದೆ.