ಸಿದ್ದುವಿನ ಬ್ರೌಸರ್, ಕಾಕಾನ ತಂಬಾಕು

ಇನ್ನೂ ನಂಬಿಕೆ ಬರುತ್ತಿಲ್ಲ...
ನಿನ್ನೆ ಸಂಜೆ ಅಂಗಡಿಯಿಂದ ಒಟ್ಟಿಗೇ ಹೊರಬಿದ್ದವರು ನಾನು, ಸಿದ್ದು.
ಬೆಳಿಗ್ಗೆ ಅವನ ತಮ್ಮನ ಫೋನ್. "ನಮ್ಮಣ್ಣ ಹೋಗಿಬಿಟ್ಟನ್ರಿ."
ಯಾವ ಅಣ್ಣ ಎಂದು ಕೇಳಿದೆ.
ಅವನಿಗಿದ್ದದ್ದು ಒಬ್ಬನೇ ಅಣ್ಣ...

ಎಲ್ಲರೂ ಮೆಸೇಜ್ ಮಾಡಿ ಕೇಳುತ್ತಿದ್ದೀರಿ. ಹೌದು, ನಿಜ.
ಹೃದಯಾಘಾತ. ಗೋಕಾಕದ ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು.
ಅವನ ಊರು ಕೌಜಲಗಿಯಲ್ಲಿ ಮಣ್ಣು ಮುಗಿಸಿ, ಮನೆಗೆ, ಘೋಡಗೇರಿಗೆ ಬಂದು ಕೂತಿದ್ದೇನೆ.

ಮೂಡಲಗಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಮ್ಮಿಬ್ಬರದು ಒಂದೇ ಟೇಬಲ್.
ಕಂಪನಿಯವರು ಕೈಬಿಟ್ಟ ಹಳೆಯ ಫೋನುಗಳಿಗೆ ಸಿದ್ದು ಬೇರೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತಿದ್ದ.
ಫೋನೇನೋ ಬದುಕುತ್ತಿತ್ತು... ಅದರ ಬ್ರೌಸರ್ ಮಾತ್ರ ತೆವಳುತ್ತಿತ್ತು. ಕೆಲವು ಪುಟಗಳು ಬರೀ ಬಿಳಿ.
ಪುಟಗಳನ್ನು ತೆರೆದು ತೋರಿಸುವ ವೇಗದ ಹೊಸ ಎಂಜಿನ್ ಒಂದನ್ನು ಅದಕ್ಕೆ ಕೂರಿಸಲು ಹೊರಟ. ಮುಖವನ್ನೇ ನೋಡಿರದ ಆನ್‌ಲೈನ್ ಗೆಳೆಯರ ಜೊತೆ.
ಊಟದ ಹೊತ್ತಿಗೂ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈ ಲ್ಯಾಪ್‌ಟಾಪಿನ ಮೇಲೆ.

ಅದನ್ನು ಟೆಸ್ಟ್ ಮಾಡುತ್ತಿದ್ದವರು ಅವನ ಲಕ್ಕಪ್ಪ ಕಾಕಾ. ಕುರಿ ಕಾಯುವವರು.
ಕುರಿಗಳನ್ನು ಎತ್ತ ಹೊಡೆಯಬೇಕೆಂದು ಫೋನಿನಲ್ಲಿ ಮಳೆಯ ನಕ್ಷೆ ನೋಡುವ ಆಸೆ ಅವರಿಗೆ. ಆ ಪುಟವೇ ತೆರೆಯುತ್ತಿರಲಿಲ್ಲ.
ಅದನ್ನು ತೆರೆಸಬೇಕು... ಸಿದ್ದುವಿನ ಹಟ ಅದೊಂದೇ.

ಕಾಕಾ ಗಡಿಯಾರ ನೋಡುವವರಲ್ಲ. ಪುಟ ಒತ್ತಿ, ಅಂಗೈಗೆ ತಂಬಾಕು ಸುಣ್ಣ ಹಾಕಿ ತಿಕ್ಕುತ್ತ ಕೂರುವರು.
"ಎಷ್ಟ ಹೊತ್ತ ಹಿಡೀತು ಕಾಕಾ?"
"ಒಂದ್ ತಂಬಾಕ ಪೂರಾ ಆತಲೇ. ನಿನ್ನ ಎಂಜಿನ್‌ಕಿಂತ ನಮ್ಮ ಕುಂಟ ಟಗರ ಲಗೂ ಬರ್ತೈತಿ!"
ಸಿದ್ದು ಗೆಳೆಯರಿಗೂ ಹಾಗೇ ಬರೆಯುತ್ತಿದ್ದ. ಮುಕ್ಕಾಲು ತಂಬಾಕು... ಅರ್ಧ ತಂಬಾಕು...
ಅದು ಯಾವ ಅಳತೆ ಎಂದು ಕೇಳಿ ಕೇಳಿ ಅವರೂ ಸುಮ್ಮನಾಗಿದ್ದರು.

ಸಿದ್ದು, ನೆನಪಿದೆಯಾ...
ಒಮ್ಮೆ ಎಂಜಿನ್ ಇದ್ದಕ್ಕಿದ್ದಂತೆ ನಿಧಾನವಾಯಿತೆಂದು ನೀನು ಇಡೀ ದಿನ ಕೋಡ್ ಜಾಲಾಡಿದೆ. ತಪ್ಪು ಸಿಗಲಿಲ್ಲ.
ಸಂಜೆ ಕಾಕಾ ಬಂದು, "ಹಲ್ಲ ನೋಯಾಕತ್ತಿತ್ತಪಾ, ಅರ್ಧಾ ತಿಕ್ಕಿ ಬಾಯಾಗ ಒಗಕೊಂಡ್ನಿ, ಅದನ್ನ ಪೂರಾ ಅಂತ ಎಣಿಸೇನಿ" ಅಂದರು.
ನೀನು ಟೇಬಲ್ಲಿಗೆ ಹಣೆ ಹಚ್ಚಿ ನಕ್ಕ ನಗು...

ನಿನ್ನೆ ನೀನು ಕಾಕಾನ ಫೋನಿಗೆ ಹೊಸ ಬ್ರೌಸರ್ ಹಾಕಿಕೊಟ್ಟೆ.
"ಮಳಿ ಪುಟ ಬರ್ತೈತೇನ ನಾಳೆ ನೋಡಿ ಹೇಳ ಕಾಕಾ. ಹಲ್ಲ ನೋವಿದ್ರ ಮದ್ಲ ಹೇಳ."
ಉತ್ತರ ಕೇಳಲು ನೀನಿಲ್ಲ.

ಇಂದು ಮಣ್ಣು ಮುಗಿದು ಎಲ್ಲರೂ ಹೋದ ಮೇಲೆ ಕಾಕಾ ಅಲ್ಲೇ ಹೊಲದ ಬದುವಿನ ಮೇಲೆ ಕೂತರು.
ಪುಟ ಒತ್ತಿದರು. ಅಂಗೈಗೆ ತಂಬಾಕು ಹಾಕಿಕೊಂಡರು.
ಸುಣ್ಣದ ಡಬ್ಬಿ ತೆರೆಯುವ ಮೊದಲೇ ನಕ್ಷೆ ಬಂದುಬಿಟ್ಟಿತು.
ಬಹಳ ಹೊತ್ತು ಅದನ್ನೇ ನೋಡಿದರು.
"ಇನ್ನಾ ಸುಣ್ಣಾನೂ ಹಚ್ಚಿಲ್ಲೋ ಸಿದ್ದೂ..." ಅಂದರು.
ತಂಬಾಕನ್ನು ಚೀಲಕ್ಕೇ ವಾಪಸ್ ಹಾಕಿದರು.

ಕೋಡ್ ನನಗೆ ತಿಳಿಯದು. ನಿನ್ನ ಗೆಳೆಯರಿಗೆ ಒಂದು ಸಾಲು ಬರೆದು ಹಾಕಿದ್ದೇನೆ.
ಮಳೆಯ ಪುಟ: ಸೊನ್ನೆ ತಂಬಾಕು.

ತುಂಬಾ ದಣಿದಿದ್ದೆ... ಮಲಗು ದೋಸ್ತ.
ನಿನ್ನ ಜೀವಕ್ಕೆ ತಣ್ಣನೆಯ ನೆರಳು ಸಿಗಲಿ. 🙏