ಚರಂಡಿಯ ಮೇಲಿನ ಚಪ್ಪಡಿ

ನನ್ನ ತಂಗಿ ಪುರಸಭೆಯಲ್ಲಿ ಲೆಕ್ಕ ಬರೆಯುತ್ತಾಳೆ. ನಾನು ಅದೇ ಕಚೇರಿಯ ಎದುರಿಗೆ ಟೀ ಅಂಗಡಿ ಇಟ್ಟಿದ್ದೇನೆ. ಅವಳು ಬಿ.ಕಾಂ. ಮುಗಿಸಿದಳು, ನಾನು ಐದನೇ ಕ್ಲಾಸಿಗೇ ಮೇಷ್ಟರಿಗೆ ಕೈಮುಗಿದು ಬಂದೆ. ಆದರೂ ಊರಿನ ಒಂದು ವರ್ಷದ ಬಜೆಟ್ಟನ್ನು ಕೆಡಿಸಿದವನು ನಾನೇ.

ಬಜೆಟ್ ಮಾಡುವ ಮೊದಲು ಸಾರ್ವಜನಿಕರನ್ನು ಕರೆದು ಸಲಹೆ ಕೇಳಬೇಕು. ನಮ್ಮೂರಿನವರು ಸಲಹೆಗಳನ್ನೆಲ್ಲ ನನ್ನ ಅಂಗಡಿಯಲ್ಲೇ ಕೊಟ್ಟು ಮುಗಿಸುತ್ತಾರೆ. ಸಭೆಗೆ ಯಾರೂ ಹೋಗುವುದಿಲ್ಲ. ಹೋದ ವರ್ಷ ಹನ್ನೊಂದು ಗಂಟೆಯಾದರೂ ಸಭಾಂಗಣದಲ್ಲಿ ಬರೀ ಕುರ್ಚಿಗಳಿದ್ದವು. ತಂಗಿ ರಸ್ತೆ ದಾಟಿ ಬಂದಳು.

"ಅಣ್ಣ, ಒಂದ್ ಹತ್ತು ಜನಾನ ಕರ್ಕೊಂಡ್ ಬಾ. ಸೈನ್ ಹಾಕಿ, ಕೇಸರಿಬಾತ್ ತಿಂದು ಹೋಗ್ಲಿ. ಯಾರೂ ಏನೂ ಕೇಳ್ಬಾರ್ದು."

"ಕೇಳಿದ್ರೆ ಏನಾಯ್ತದವ್ವ?"

ಅವಳು ದನಿ ತಗ್ಗಿಸಿದಳು. ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಇರುವುದೊಂದು ಗಂಡಸರದು, ಅದಕ್ಕೂ ಚಿಲಕವಿಲ್ಲ. ಪ್ರತಿ ವರ್ಷ ಇವಳು ಕೇಳುವುದು, ಪ್ರತಿ ವರ್ಷ ಅವರು ನಗುವುದು. ಅದಕ್ಕೇ ಈ ಸಲ ಯಾರಿಗೂ ಹೇಳದೆ 'ಕಚೇರಿ ದುರಸ್ತಿ' ಎಂಬ ಹೆಸರಿನಲ್ಲಿ ಅದರ ದುಡ್ಡನ್ನು ಅಡಗಿಸಿಟ್ಟಿದ್ದಳು.

"ಹೊಸದಾಗಿ ಏನ್ ಸೇರಿಸಿದ್ರೂ ಈ ದುಡ್ಡಿಗೇ ಕತ್ರಿ ಬೀಳೋದು ಕಣಣ್ಣ. ನೀನಂತೂ ಬಾಯಿ ಬಿಡ್ಬೇಡ."

ನಾನು ಸಿಕ್ಕವರನ್ನೆಲ್ಲ ಹೊರಡಿಸಿದೆ. ಗುಬ್ಬಿ ಬಸ್ಸು ತಪ್ಪಿಸಿಕೊಂಡ ನಾಲ್ವರು, ಹೆಬ್ಬೂರಿನ ಇಬ್ಬರು ಹೆಂಗಸರು, ಹುತ್ರಿದುರ್ಗದ ಒಬ್ಬ ಅಜ್ಜ, ಹೀಗೆ. ಆ ಗುಂಪಿನಲ್ಲಿ ನಮ್ಮೂರಿನ ಮತದಾರ ನಾನೊಬ್ಬನೇ.

ಪರವೂರಿನವರು ಮಾತು ಉಳಿಸಿಕೊಂಡರು. ಮೈಕು ಬಂದಾಗ ಅಜ್ಜ, "ನಮ್ಗೇನೂ ಬೇಡಿ ಸಾಮಿ, ಕುಣಿಗಲ್ ಬಸ್ ಬಂದ್ರೆ ಒಸಿ ಹೇಳಿ" ಎಂದು ಪಕ್ಕಕ್ಕೆ ದಾಟಿಸಿದ. ಪಕ್ಕದಲ್ಲಿದ್ದವನು ನಾನು.

ಸುಮ್ಮನೆ ಮುಂದಕ್ಕೆ ಕೊಡಬೇಕಿತ್ತು. ಹುಟ್ಟಿದಾಗಿನಿಂದ ಮೈಕು ಮುಟ್ಟಿದವನಲ್ಲ. ಒಮ್ಮೆ ಕೆಮ್ಮಿ ನೋಡಿದೆ. ನನ್ನ ಕೆಮ್ಮು ನಾಲ್ಕು ಮೂಲೆಯಿಂದಲೂ ಗಂಭೀರವಾಗಿ ಕೇಳಿಸಿತು. ಆಮೇಲೆ ತಡೆಯಲಾಗಲಿಲ್ಲ.

"ನನ್ನಂಗ್ಡಿ ಮುಂದ್ಲ ಚರಂಡಿಗೆ ಚಪ್ಪಡಿ ಹಾಕುಸ್ಬೇಕು ಸಾರ್. ಸೊಳ್ಳೆ ಬಂದು ಟೀಗೆ ಬೀಳ್ತಾವೆ."

ಆ ಟೀ ಈಗಷ್ಟೇ ಕುಡಿದು ಬಂದವರು ಜೋರಾಗಿ ಚಪ್ಪಾಳೆ ತಟ್ಟಿದರು.

"ಒಬ್ರಾದ್ರೂ ಬಾಯ್ಬಿಟ್ರಲ್ಲ" ಎಂದರು ಅಧ್ಯಕ್ಷರು. "ಸೇರಿಸ್ಕೊಳಮ್ಮ."

"ಎಲ್ಲಿಂದ ತೆಗೀಲಿ ಸಾರ್?" ಎಂದಳು ತಂಗಿ.

ಮುಖ್ಯಾಧಿಕಾರಿಗಳ ಬೆರಳು ಹಾಳೆಯ ಮೇಲೆ ಇಳಿಯುತ್ತ ಬಂದು ನಿಂತಿತು. "ಈ ಕಚೇರಿ ದುರಸ್ತಿ ಯಾಕೆ? ಗೋಡೆಗಳು ಚೆನ್ನಾಗೇ ಇದಾವಲ್ಲ."

ತಂಗಿ ನನ್ನ ಕಡೆ ನೋಡಿದಳು. 'ಬೇಡ ಬುಡಿ ಸಾರ್' ಅಂದಿದ್ದರೆ ಸಾಕಿತ್ತು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಆದರೆ ಕಿವಿಯಲ್ಲಿ ಚಪ್ಪಾಳೆಯೂ ಇತ್ತು. ನಾನು ತಲೆ ತಗ್ಗಿಸಿ ಕೇಸರಿಬಾತ್ ನೋಡಿದೆ.

ಚಪ್ಪಡಿ ಬಂತು. ಅದರ ಮೇಲೆ ಎರಡು ಬೆಂಚು ಹಾಕಿದೆ, ವ್ಯಾಪಾರ ಏರಿತು. ತಂಗಿ ಜಗಳ ಆಡಲಿಲ್ಲ. ಆದರೆ ಹನ್ನೊಂದಕ್ಕೆ ನಾನು ಕಳಿಸುವ ಟೀ ಹಾಗೇ ವಾಪಸ್ಸು ಬರತೊಡಗಿತು. ಒಂದು ವಾರ ನೋಡಿ, ಸಂಜೆ ಅಡ್ಡ ನಿಂತು ಕೇಳಿದೆ.

"ನನ್ ಮೇಲೆ ಇಷ್ಟೊಂದ್ ಕೋಪನೇನವ್ವ?"

"ಕೋಪ ಅಲ್ಲ ಕಣಣ್ಣ. ಈ ಸಲ ಆಗತ್ತೆ ಅಂತ ಇಷ್ಟ್ ದಿನ ತಡ್ಕೊಂಡಿದ್ದೆ. ಇನ್ನು ಕುಡಿದ್ರೆ ಎಲ್ಲಿಗ್ ಹೋಗ್ಲಿ?"

ಆ ಮಾತು ಒಂದು ವರ್ಷ ನನ್ನನ್ನು ಕೊರೆಯಿತು.

ಈ ವರ್ಷದ ಸಭೆಗೆ ಯಾರೂ ಕರೆಯದಿದ್ದರೂ ಹೋದೆ. ಮೈಕು ಹಿಡಿದು, "ಕಚೇರೀಲಿ ಹೆಂಗಸ್ರಿಗೆ ಶೌಚಾಲಯ ಬೇಕು ಸಾರ್" ಎಂದೆ. ಮುಂದಿನ ಸಾಲಿನವರು ನಕ್ಕರು.

"ಅದಕ್ಕೆ ಎಲ್ಲಿಂದ ತೆಗೆಯೋದು? ನೀವೇ ಹೇಳ್ರೀ" ಎಂದರು ಅಧ್ಯಕ್ಷರು.

"ನಮ್ ಸಾಲಿನ ಚಪ್ಪಡೀನ ಬೇಕರಿವರೆಗೂ ಎಳೀತೀವಿ ಅಂತ ದುಡ್ಡಿಟ್ಟಿದ್ದೀರಲ್ಲ ಸಾರ್, ಅದನ್ನ ತೆಗೀರಿ."

ಹಿಂದಿನ ಸಾಲಿನಲ್ಲಿದ್ದ ಬೀದಿ ಗುಡಿಸುವ ಹೆಂಗಸರು ಚಪ್ಪಾಳೆ ತಟ್ಟಿದರು, ನಿಲ್ಲಿಸಲಿಲ್ಲ. ಅಧ್ಯಕ್ಷರು, "ಸೇರಿಸ್ಕೊಳಮ್ಮ" ಎಂದರು. ತಂಗಿ ತಲೆ ಎತ್ತದೆ ಬರೆದುಕೊಂಡಳು, ಈ ಸಲ ಅದರ ಹೆಸರಿನಲ್ಲೇ.

ಬೇಕರಿಯವನು ಈಗ ನನ್ನಲ್ಲಿ ಟೀ ಕುಡಿಯುವುದಿಲ್ಲ. ಕಚೇರಿಯ ಹಿಂದೆ ಗೋಡೆ ಎದ್ದಿದೆ. ನಿನ್ನೆ ಧೈರ್ಯ ಮಾಡಿ ತಂಗಿಗೆ ಅರ್ಧ ಲೋಟ ಕಳಿಸಿದೆ. ಅದು ವಾಪಸ್ಸು ಬಂತು, ಜೊತೆಗೊಂದು ಮಾತೂ ಬಂತು:

"ಚಿಲಕ ಹಾಕ್ಲಿ ತಡಿಯಣ್ಣ."