ಸಿದರಾಯ ಕಾಕಾ ಮತ್ತು ಔಷಧವಿಲ್ಲದ ಆರು ಇಲಿಗಳು

ಬೆಳಗಾವಿಯ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಸಿದರಾಯ ಕಾಕಾನಷ್ಟು ಠೀವಿಯಿಂದ ಬಿಳಿ ಕೋಟು ತೊಟ್ಟವರು ಇನ್ನೊಬ್ಬರಿರಲಿಲ್ಲ. ಪ್ರಿನ್ಸಿಪಾಲರ ಕೋಟಿಗೂ ಒಂದು ಗುಂಡಿ ಕಿತ್ತಿರುತ್ತಿತ್ತು. ಕಾಕಾನ ಕೋಟು ಮಾತ್ರ ದಿನಾ ದೇಸೂರಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ, ಇಸ್ತ್ರಿ ಮುರಿಯದೆ, ಚೀಲದೊಳಗೆ ಕುಳಿತು ಬರುತ್ತಿತ್ತು. ಅವನ ಕೆಲಸ ಪ್ರಯೋಗದ ಬಿಳಿ ಇಲಿಗಳನ್ನು ನೋಡಿಕೊಳ್ಳುವುದು. ಕುರಿ ಕಾಯುವ ಮನೆತನ. ನಲವತ್ತು ದಾಟುವವರೆಗೂ ಹಿಂಡಿನ ಹಿಂದೆ ತಿರುಗಿದವನು. ಕುರಿ ಮಾರಿ ಕಾಲೇಜಿಗೆ ಸೇರಿ ಹನ್ನೊಂದು ವರ್ಷವಾಗಿದ್ದರೂ ನೌಕರಿ ಕಾಯಂ ಆಗಿರಲಿಲ್ಲ.

೧೯೯೯ರಲ್ಲಿ ನಾನು ಎಂ.ಫಾರ್ಮಾ ಎರಡನೆಯ ವರ್ಷದಲ್ಲಿದ್ದೆ. ಟಿಳಕವಾಡಿಯ ಹುಡುಗಿ, ಮೂಗಿನ ತುದಿಯಲ್ಲೇ ಸಿಟ್ಟು. ಮತ್ತಿ ಮರದ ತೊಗಟೆಯಿಂದ ಮುಲಾಮು ತಯಾರಿಸಿ, ಅದು ಗಾಯ ಮಾಯಿಸುತ್ತದೆ ಎಂದು ತೋರಿಸುವುದು ನನ್ನ ಪ್ರಬಂಧ. ತೊಗಟೆ ತರಲು ಖಾನಾಪುರದ ಕಡೆ ಹೊರಟಾಗ ಕಾಕಾ ಜೊತೆಗೆ ಬಂದ. ಹೊಲದ ಒಡತಿ ಮಾಯಕ್ಕನ ಜೊತೆ ಮರಾಠಿಯಲ್ಲಿ ಅರ್ಧ ತಾಸು ಹರಟಿ, ಚಹಾ ಕುಡಿದು, ಬದುವಿನ ಮರದ ಒಂದೇ ಬದಿಗೆ ಅಂಗೈಯಗಲ ತೊಗಟೆ ಎಬ್ಬಿಸಿದ. ನನಗೆ ಬೇಕಿದ್ದದ್ದು ಒಂದು ಚೀಲ.

"ಸುತ್ತ ಸುಲದ್ರ ಗಿಡ ಸಾಯ್ತೈತ್ರೀ ಅಕ್ಕಾರ," ಎಂದು ನನ್ನನ್ನು ಮರದಿಂದ ಮರಕ್ಕೆ ತಿರುಗಿಸಿದ. ಅಷ್ಟು ಸಾಲದೆಂದು ಕೆತ್ತಿದ ಜಾಗಕ್ಕೆಲ್ಲ ಸೆಗಣಿ ಮೆತ್ತುತ್ತ ಕುಳಿತ. ನಮ್ಮ ಗಾಡಿ ತಪ್ಪಿತು. ದಾರಿಯುದ್ದಕ್ಕೂ ನಾನು ಸಿಡುಕಿದೆ, ಅವನು ಶೇಂಗಾ ಬಿಡಿಸಿ ಬಿಡಿಸಿ ನನ್ನ ಕೈಗೆ ಹಾಕಿದ.

ಪ್ರಯೋಗ ಸರಳವಾದದ್ದು. ಹನ್ನೆರಡು ಇಲಿಗಳಿಗೆ ಅರಿವಳಿಕೆ ಮದ್ದು ಕೊಟ್ಟು, ಬೆನ್ನಿನ ಮೇಲೆ ಎಂಟಾಣೆ ನಾಣ್ಯದಗಲ ಗಾಯ ಮಾಡುವುದು. ಆರಕ್ಕೆ ದಿನಾ ನನ್ನ ಮುಲಾಮು, ಉಳಿದ ಆರಕ್ಕೆ ಏನೂ ಇಲ್ಲ. ಮೂರು ದಿನಕ್ಕೊಮ್ಮೆ ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅಂಚು ಬರೆದುಕೊಂಡು, ಎಷ್ಟು ಕುಗ್ಗಿದೆ ಎಂದು ಅಳೆಯುವುದು. ಔಷಧವಿಲ್ಲದ ಆರು ತಡವಾಗಿ ಮಾಯ್ದರೆ ಮಾತ್ರ ಔಷಧಕ್ಕೆ ಬೆಲೆ. ಗುರುತಿಗೆ ಒಂದರ ತಲೆಗೆ, ಒಂದರ ಬೆನ್ನಿಗೆ, ಒಂದರ ಬಾಲಕ್ಕೆ ಹಳದಿ ಬಣ್ಣ ಹಚ್ಚಿರುತ್ತಿದ್ದೆವು. ನಾನು ಪಟ್ಟಿ ನೋಡಬೇಕಾಗುತ್ತಿತ್ತು. ಕುರಿಗಳಿಗೆ ಬಣ್ಣ ಹಾಕಿ ಬೆಳೆದ ಕಾಕಾನಿಗೆ ಒಮ್ಮೆ ನೋಡಿದರೆ ಸಾಕಿತ್ತು.

ಹನ್ನೆರಡನೆಯ ದಿನ, ಅದುವರೆಗೆ ಬರೆದಿಟ್ಟ ಹಾಳೆಗಳನ್ನೆಲ್ಲ ಮೊದಲ ಸಲ ಒಟ್ಟಿಗೆ ಇಟ್ಟು ಅಳೆದು ನೋಡಿದೆ. ಹನ್ನೆರಡೂ ಇಲಿಗಳ ಗಾಯ ಒಂದೇ ಸಮ ಕುಗ್ಗಿತ್ತು. ಔಷಧ ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಂದರೆ ನನ್ನ ಮುಲಾಮು ದಂಡ, ನನ್ನ ಎರಡು ವರ್ಷ ದಂಡ. ಪಂಜರಗಳ ಪಕ್ಕದ ಸ್ಟೂಲಿನ ಮೇಲೆ ಕುಳಿತು ಗೊಳೋ ಎಂದು ಅತ್ತೆ.

ಕಾಕಾ ಗಾಬರಿಯಾಗಿ ಓಡಿ ಬಂದ. "ಯಾಕ್ರೀ ಅಕ್ಕಾರ? ಎಲ್ಲಾ ಚಲೋ ಮಾಯಾಕ ಹತ್ಯಾವಲ್ಲ! ಒಂದಕ್ಕರ ಕೀವ ಆಗೈತೇನು?"

"ಅದಕ್ಕ ಅಳಾಕತ್ತೀನಿ ಕಾಕಾ. ಈ ಆರು ಮಾಯಬಾರದಿತ್ತು."

"ಹೆಂಗ ಮಾಯೂದಿಲ್ರೀ? ದಿನಾ ಸಂಜಿಮುಂದ ನೀವು ಹ್ವಾದಮ್ಯಾಲ ನಾನ ಹಚ್ಚೀನಲ್ಲ!"

ನನ್ನ ಅಳು ಅಲ್ಲೇ ನಿಂತಿತು. ಅವನ ಮುಖದಲ್ಲಿ ಹೆಮ್ಮೆಯಿತ್ತು, ಮೆಚ್ಚುಗೆಗೆ ಕಾಯುತ್ತಿದ್ದ.

"ಏನ್ ಮಾಡಿದ್ರೀ ಕಾಕಾ!"

"ನೀವು ಓದಿನ ಗಡಿಬಿಡಿಯಾಗ ಈ ಆರು ಮರ್ತೀರಿ ಅಂತ ತಿಳದ್ನಿರೀ. ನಮ್ಮ ಅವ್ವ ಪದ್ಮವ್ವ ಒಂದ ಮಾತ ಹೇಳಿಕೊಟ್ಟಿದ್ಲು. ಕುರಿದಡ್ಡಿಯೊಳಗ ಔಷಧ ತಗೊಂಡು ಹ್ವಾದ್ರ, ನೊಂದದ್ದು ಒಂದನ್ನೂ ಬಿಟ್ಟು ಹೊರಗ ಬರಬಾರದು ಅಂತ."

ಕೂಗಾಡಬೇಕೆಂದು ಬಾಯಿ ತೆರೆದೆ. ಆದರೆ ಆರು ತಿಂಗಳು ಅವನ ಜೊತೆ ಕೆಲಸ ಮಾಡಿಯೂ, ಆ ಆರಕ್ಕೆ ಯಾಕೆ ಏನೂ ಹಚ್ಚುವುದಿಲ್ಲ ಎಂದು ನಾನು ಒಂದು ಸಲವೂ ಹೇಳಿರಲಿಲ್ಲ. ಈಗ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಇಳಿದುಹೋಯಿತು. ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಪ್ರಬಂಧ ಒಪ್ಪಿಸುವ ಗಡುವು ತಪ್ಪಿ ನನ್ನ ಪದವಿ ಆರು ತಿಂಗಳು ಮುಂದೆ ಹೋಗುತ್ತದೆ ಎಂದಾಗ ಅವನು ನೆಲಕ್ಕೆ ಕುಕ್ಕರಿಸಿದ.

ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಕಾಕಾನನ್ನು ಕಾಯಂ ಮಾಡುವ ಕಾಗದ ಆ ವಾರವೇ ನನ್ನ ಗೈಡ್ ದಾನೇಶ್ವರಿ ಮೇಡಂ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ನಿಜ ಗೊತ್ತಾದರೆ ಅವರು ಸಹಿ ಹಾಕುವುದು ಕನಸಿನ ಮಾತು. ಹಾಗಾಗಿ ನಾನೇ ಹೋಗಿ, ಗುರುತು ತಪ್ಪಿ ಎಲ್ಲಾ ಇಲಿಗಳಿಗೂ ನಾನೇ ಮುಲಾಮು ಹಚ್ಚಿಬಿಟ್ಟೆ ಎಂದು ಸುಳ್ಳು ಹೇಳಿದೆ. ಮೇಡಂ ಬೈಯಲು ಶುರು ಮಾಡಿದ್ದರಷ್ಟೇ, ಬಾಗಿಲಲ್ಲಿ ಕಾಕಾ.

"ಬಾಯಾರ, ಅಕ್ಕಾರ ಸುಳ್ಳ ಹೇಳಾಕತ್ಯಾರ. ಹಚ್ಚಿದಾಂವ ನಾನು."

ಮೇಡಂ ಇಬ್ಬರನ್ನೂ ದಿಟ್ಟಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅಂವ ಕೆಡಿಸಿದ್ದು ಆರು ಇಲಿ. ನೀ ಪ್ರಯೋಗದ ದಾಖಲಾನ ಕೆಡಸಾಕ ಹೊಂಟಿದ್ದಿ. ಯಾವುದು ದೊಡ್ಡ ತಪ್ಪು, ಹೇಳು?"

ಅವರು ಕಾಕಾನನ್ನು ಕೇಳಿದರು: "ಮತ್ತ ಹೊಸಾ ಇಲಿ ತರಸ್ತೀನಿ. ಮತ್ತ ಹಚ್ಚಂಗಿಲ್ಲೇನು?"

ಕಾಕಾ ಹೇಳಿದ. "ಮುಲಾಮಿನ ಡಬ್ಬಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ರಿ ಬಾಯಾರ. ನನ್ನ ಕೈ ಮ್ಯಾಲ ನನಗ ನಂಬಿಗಿಲ್ಲ."

ಕೀಲಿ ಹಾಕಲು ಮೇಡಂ ಒಪ್ಪಿದರು. "ಈ ಪ್ರಯೋಗ ಮುಗೀಲಿ, ಸಹಿ ಆಮ್ಯಾಲ ನೋಡೂಣು," ಎಂದು ಆ ಕಾಗದವನ್ನು ಡ್ರಾವರಿಗೆ ಸೇರಿಸಿದರು. ನನ್ನ ಪದವಿ, ಅವನ ನೌಕರಿ ಎರಡೂ ಈಗ ಕಾಕಾ ಸುಮ್ಮನೆ ಕೂರಬಲ್ಲನೇ ಎಂಬುದರ ಮೇಲೆ ನಿಂತವು.

ಹೊಸ ಇಲಿಗಳು ಬಂದವು. ಒಂಬತ್ತನೆಯ ಸಂಜೆ ನನಗೆ ತಡೆಯಲಾಗಲಿಲ್ಲ. ಡಬ್ಬಿಗೆ ಕೀಲಿಯಿದ್ದರೇನು, ಅರಿಷಿಣಕ್ಕೆ ಕೀಲಿಯಿಲ್ಲವಲ್ಲ! ಕಳ್ಳನನ್ನು ಹಿಡಿಯುವವಳಂತೆ ಮೆಲ್ಲನೆ ಹೋಗಿ ಇಣುಕಿದೆ. ಕಾಕಾ ಔಷಧವಿಲ್ಲದ ಪಂಜರಗಳ ಮುಂದೆ ಕುಳಿತಿದ್ದ. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದ. ದೇಸೂರಿಗೆ ಹೋಗುವ ಆರು ಗಂಟೆಯ ಗಾಡಿ ಆಗಲೇ ಹೋಗಿತ್ತು.

"ತಡೀರಿ ನಮ್ಮವ್ವಾ," ಎಂದು ಇಲಿಗಳಿಗೆ ಹೇಳುತ್ತಿದ್ದ. "ನಮ್ಮ ಅಕ್ಕಾರ ಪರೀಕ್ಷಾ ಒಂದು ಮುಗೀಲಿ. ನಾ ಇಲ್ಲೇ ಅದೀನಿ."

ನಾನು ಒಳಗೆ ಹೋಗಲಿಲ್ಲ. ಅನುಮಾನಪಟ್ಟ ನನ್ನ ಮುಖವನ್ನು ಅವನಿಗೆ ತೋರಿಸಲು ನಾಚಿಕೆಯಾಯಿತು.

ಔಷಧದ ಆರು ಹದಿನೈದನೆಯ ದಿನಕ್ಕೆ ಮಾಯ್ದವು. ಉಳಿದ ಆರಕ್ಕೆ ಇಪ್ಪತ್ತೆರಡು ದಿನ ಹಿಡಿಯಿತು. ಕೊನೆಯ ಅಳತೆ ನೋಡಿ ಮೇಡಂ ನನ್ನ ದಾಖಲೆ ಪುಸ್ತಕಕ್ಕೆ ಸಹಿ ಹಾಕಿದರು, ಡ್ರಾವರಿನಿಂದ ಆ ಕಾಗದ ತೆಗೆದು ಅದಕ್ಕೂ ಹಾಕಿದರು. ಕಾಕಾ ಕಾಗದವನ್ನು ನೋಡಲೂ ಇಲ್ಲ.

"ಮುಗೀತಲ್ರೀ ಬಾಯಾರ? ಹಂಗಾರ ಕೀಲಿ ಕೊಡ್ರಿ."

"ಎಲ್ಲಾ ಮಾಯ್ದಾವಲ್ಲ ಕಾಕಾ, ಇನ್ಯಾಕ ಮುಲಾಮು?" ಎಂದೆ ನಾನು.

"ಗೊತ್ತೈತ್ರೀ," ಎಂದ.

ಮೇಡಂ ಕೀಲಿ ಕೊಟ್ಟರು. ಅವನು ಆ ಆರನ್ನೂ ಒಂದೊಂದಾಗಿ ಎತ್ತಿ ಅಂಗೈಯಲ್ಲಿಟ್ಟುಕೊಂಡು, ಮಾಯ್ದ ಬೆನ್ನಿನ ಮೇಲೆ ಮುಲಾಮು ಸವರಿದ. ಒಂದನ್ನೂ ಬಿಡಲಿಲ್ಲ.